ಸಾಲಿನಲ್ಲಿ ಕೂಗಿ ಕಲಿತ ಹಕ್ಕು

ರಾಜಧಾನಿ ಅಸುನ್ಸಿಯೋನ್‌ನಿಂದ ತಪಾಸಣೆಗೆ ಬಂದ ಹೆಂಗಸರು ನಮ್ಮ ಬಾಲಬಂದೀಖಾನೆಯ ಹುಡುಗರನ್ನು ಅಂಗಳದಲ್ಲಿ ನಿಲ್ಲಿಸಿ, "ನಿಮ್ಮ ಹಕ್ಕುಗಳೇನು ಅಂತ ಗೊತ್ತೇನ್ರಪ್ಪಾ?" ಎಂದು ಕೇಳಿದ್ದೇ ಎಲ್ಲಕ್ಕೂ ಮೂಲ. ಯಾರೂ ಬಾಯಿ ಬಿಡಲಿಲ್ಲ. ಹಿಂದಿನಿಂದ ಒಬ್ಬ ತರಲೆ ಮಾತ್ರ, "ರಾತ್ರಿ ಕೊಡೋ ಕಲ್ಲಿನಂಥ ರೊಟ್ಟಿ ಕಣಮ್ಮಾ" ಎಂದ. ನಿರ್ದೇಶಕರ ಮುಖ ಕಪ್ಪಿಟ್ಟಿತು. ಹುಡುಗರಿಗೆ ಹಕ್ಕು ಕಲಿಸುವ ಕೆಲಸ ಅಂದೇ ಎಲಿಹಿಯೋನ ಹೆಗಲಿಗೆ ಬಿತ್ತು.

ಎಲಿಹಿಯೋ ಇಲ್ಲಿಯ ಮುಖ್ಯ ಕಾವಲುಗಾರ, ನಾನು ವ್ಯಾನಿನ ಚಾಲಕ. ಕೆಟ್ಟವನೇನಲ್ಲ ಅವನು, ಜ್ವರ ಬಂದ ಹುಡುಗನಿಗೆ ಮನೆಯಿಂದ ಕಷಾಯ ತಂದು ಕುಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಸೈನ್ಯದಲ್ಲಿದ್ದು ಬಂದವನು, ಕಲಿಸುವುದಕ್ಕೆ ಅವನಿಗೆ ಒಂದೇ ದಾರಿ ಗೊತ್ತು. ಬೆಳಗಿನ ಸಾಲಿನಲ್ಲಿ ನಿಂತು ಹುಡುಗರು ನಿಯಮಗಳನ್ನು ಕೂಗುವ ಪದ್ಧತಿ ಮೊದಲಿನಿಂದಲೂ ಇತ್ತು. "ಹಾಸಿಗೆ ಮಡಚುತ್ತೇನೆ! ಸಾಲಿನಲ್ಲಿ ಮಾತಾಡುವುದಿಲ್ಲ!" ಅದರ ಬಾಲಕ್ಕೇ ಹಕ್ಕುಗಳನ್ನೂ ಕಟ್ಟಿದ. "ವೈದ್ಯರನ್ನು ಕಾಣುವುದು ನನ್ನ ಹಕ್ಕು! ವಿಚಾರಣೆಯಲ್ಲಿ ಮೌನವಾಗಿರುವುದು ನನ್ನ ಹಕ್ಕು!" ಅದೇ ರಾಗ, ಅದೇ ಅರಚಾಟ. ಆಮೇಲೆ ಸಾಲುಗಳ ನಡುವೆ ಅಡ್ಡಾಡುತ್ತ ಯಾರದಾದರೂ ಕಿವಿಯ ಹತ್ತಿರ ಬಗ್ಗಿ, "ಏನಪ್ಪಾ, ನಿದ್ದೆ ಬಂತಾ ರಾತ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದ. "ಹೂಂ ಸಾಹೇಬ್ರೇ" ಎಂದನೋ ಸತ್ತ: ಸಾಲಿನಲ್ಲಿ ಮಾತಾಡಿದ್ದಕ್ಕೆ ಬಿಸಿಲಲ್ಲಿ, ಜಲ್ಲಿಯ ಮೇಲೆ ಮಂಡಿ ಊರಬೇಕು.

"ಹೆಂಗೆ?" ಎಂದ ಒಂದು ದಿನ, ತಣ್ಣೀರಲ್ಲಿ ಸೊಪ್ಪು ನೆನೆಸಿದ ತೆರೆರೆ ತುಂಬಿದ ಕೊಂಬಿನ ಲೋಟವನ್ನು ನನ್ನ ಕೈಗೆ ಕೊಡುತ್ತ. "ಇನ್ನು ಯಾವ ಅಮ್ಮ ಬಂದು ಕೇಳಿದ್ರೂ ಒಂದಕ್ಷರ ತಪ್ಪಲ್ಲ ನನ್ ಹುಡುಗ್ರು."

"ಅರ್ಥ ಆಗುತ್ತಾ ಅವಕ್ಕೆ?"

"ನಿನ್ ವ್ಯಾನಿನ ಗೇರು ಯಾಕೆ ಹಲ್ಲು ಕಡಿಯುತ್ತೆ ಅಂತ ನಿಂಗೆ ಅರ್ಥ ಆಗಿದೆಯಾ? ಓಡಿಸ್ತಾ ಇಲ್ವಾ? ಕುಡಿ, ಕುಡಿ."

ದೆರ್ಲಿಸ್ ಬಂದದ್ದು ಆಮೇಲೆ. ಹದಿನೈದರ ಹುಡುಗ, ಕದ್ದ ಮೋಟಾರುಬೈಕಿನ ಹಿಂದೆ ಕೂತು ಸಿಕ್ಕಿಬಿದ್ದವನು. ತಾಯಿ ಬ್ಯೂನಸ್ ಐರಿಸ್‌ನಲ್ಲಿ ಯಾರದೋ ಮನೆಗೆಲಸಕ್ಕಿದ್ದಳು. ಸಾಕಿದವಳು ಚಿಕ್ಕಮ್ಮ ಲಿಬ್ರಾದಾ, ಕಬ್ಬಿನ ಸೀಮೆಯ ಹೆಂಗಸು. ಸೇರಿದ ವಾರವೇ ಅವನ ಮಂಡಿ ಜಲ್ಲಿಯ ರುಚಿ ನೋಡಿತು. ಆಮೇಲೆ ಅವನು ಎಲ್ಲರಿಗಿಂತ ಜೋರಾಗಿ ಕೂಗತೊಡಗಿದ.

ವಿಚಾರಣೆಯ ದಿನ ನಾನೇ ಕರೆದುಕೊಂಡು ಹೋದೆ, ಎಲಿಹಿಯೋ ಕಾವಲಿಗೆ ಬಂದ. ಕೋರ್ಟಿನ ಮೊಗಸಾಲೆಯಲ್ಲಿ ಸರ್ಕಾರ ಕೊಟ್ಟ ವಕೀಲೆ ಸುನಿಲ್ದಾ ಓಡುತ್ತಲೇ ಬಂದರು.

"ಸುಲಭ ಕಣೋ ಇವತ್ತು. ಚಿಕ್ಕಮ್ಮನ ಮನೇಲಿ ಇರ್ತೀಯಾ, ಶಾಲೆಗೆ ಹೋಗ್ತೀಯಾ, ವಾರಕ್ಕೊಂದ್ಸಲ ಠಾಣೆಗೆ ಬಂದು ಮುಖ ತೋರಿಸ್ತೀಯಾ ಅಂತ ಜಡ್ಜಮ್ಮ ಕೇಳ್ತಾರೆ. ನಿನ್ ಬಾಯಿಂದ್ಲೇ ಒಪ್ಕೋಬೇಕು. ಒಪ್ಕೊಂಡ್ರೆ ಇವತ್ತೇ ಮನೆಗೆ."

"ಇವ್ನ ಬಾಯಿಗೆ ಹೇಳ್ಕೊಡ್ಬೇಕಾ ಲಾಯರಮ್ಮಾ!" ಎಂದು ಲಿಬ್ರಾದಾ ನಕ್ಕಳು. "ಮನೇಲಿ ಗಿಳಿ ಹಂಗೆ ಅರಚ್ತಿದ್ದ. ಲೋ, ಒಗೆದ ಅಂಗಿ ತಂದಿದೀನಿ. ಈ ವೇಷದಲ್ಲಿ ನನ್ ಜೊತೆ ಬಸ್ ಹತ್ತಬೇಡ, ಮರ್ಯಾದೆ ಹೋಗುತ್ತೆ."

ದೆರ್ಲಿಸ್ ಒಮ್ಮೆ ಎಲಿಹಿಯೋನ ಬೂಟು ನೋಡಿ ತಲೆಯಾಡಿಸಿದ.

ಒಳಗೆ ನ್ಯಾಯಾಧೀಶೆ ಸ್ಪ್ಯಾನಿಷ್‌ನಲ್ಲಿ ಕೇಳಿದರು. ಹುಡುಗ ಎದೆ ಸೆಟೆಸಿ ಗೋಡೆ ನೋಡುತ್ತ ನಿಂತ. ಅವರು ಗ್ವಾರಾನಿಯಲ್ಲಿ, ಮನೆಯ ಮಾತಿನಲ್ಲೇ ಕೇಳಿದರು: "ಮಗಾ, ಚಿಕ್ಕಮ್ಮನ ಜೊತೆ ಇರೋಕೆ ಇಷ್ಟ ಇದೆಯೋ ಇಲ್ವೋ?" ತುಟಿ ಅಲುಗಲಿಲ್ಲ. ಸುನಿಲ್ದಾ ಮೊಣಕೈಯಿಂದ ತಿವಿದರು. ಹಿಂದಿನ ಬೆಂಚಿನಿಂದ ಎಲಿಹಿಯೋ ಕೂಡ ತಾಳಲಾರದೆ, "ಮಾತಾಡೋ ಕತ್ತೆ!" ಎಂದು ಪಿಸುಗುಟ್ಟಿದ. ಅದನ್ನು ಕೇಳಿದ್ದೇ ಹುಡುಗ ಇನ್ನೂ ಸೆಟೆದುಕೊಂಡ.

"ಬಾಯಿ ಬಿಡೋ ಕಂದಾ," ಎಂದಳು ಲಿಬ್ರಾದಾ. "ನಾನೇನ್ ಮಾಡ್ದೆನೋ ನಿಂಗೆ?"

ನ್ಯಾಯಾಧೀಶೆ ಬಹಳ ಹೊತ್ತು ಕಾದರು. ಕೊನೆಗೆ, ಹುಡುಗ ಒಪ್ಪುತ್ತಿಲ್ಲ, ಚಳಿಗಾಲ ಕಳೆಯುವವರೆಗೆ ಒಳಗೇ ಇರಲಿ ಎಂದು ಬರೆಸಿದರು. ಲಿಬ್ರಾದಾ ಅಂಗಿಯ ಗಂಟನ್ನು ಎದೆಗೆ ಅವುಚಿಕೊಂಡು ಎದ್ದಳು. "ಬೇಡ ಅಂದ್ರೆ ಬೇಡ ಬಿಡಿ," ಎಂದಳು ಯಾರನ್ನೂ ನೋಡದೆ. "ಹೆತ್ತವಳಲ್ವಲ್ಲ ನಾನು." ಹೊರಟೇ ಹೋದಳು.

ಮೊಗಸಾಲೆಗೆ ಬಂದ ಮೇಲೆ ಸುನಿಲ್ದಾ ಅವನ ಭುಜ ಹಿಡಿದು ಅಲುಗಿಸಿದರು. "ಏನ್ ಬಂದಿತ್ತೋ ನಿಂಗೆ?"

"ನಾನು ತಪ್ಪು ಮಾಡ್ಲಿಲ್ವಲ್ಲ ಲಾಯರಮ್ಮಾ," ಎಂದ ದೆರ್ಲಿಸ್. ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. "ವಿಚಾರಣೇಲಿ ಮೌನವಾಗಿರೋದು ನನ್ನ ಹಕ್ಕು. ಸಾಹೇಬ್ರು ಬೀಳ್ಸೋಕೆ ನೋಡಿದ್ರು, ಬೀಳ್ಲಿಲ್ಲ."

"ಹಕ್ಕು ಅಂದ್ರೆ... ಬೇಕಾದ್ರೆ ಸುಮ್ಮನಿರಬಹುದು ಅಂತ ಕಣೋ. ಬೇಡ ಅಂದ್ರೆ ಮಾತಾಡಬಹುದು."

"ಮಾತಾಡಿದ್ರೆ ಮಂಡಿ ಊರಿಸಲ್ವಾ?"

"ಇಲ್ಲ."

ಅವನು ಎಲಿಹಿಯೋನ ಕಡೆ ನೋಡಿದ. ಎಲಿಹಿಯೋ ಟೋಪಿ ತೆಗೆದು ಅದರೊಳಗೆ ಏನೋ ಹುಡುಕುವವನಂತೆ ನೋಡುತ್ತ ನಿಂತಿದ್ದ. ಸುನಿಲ್ದಾ ವಾಪಸು ನ್ಯಾಯಾಧೀಶೆಯ ಬಾಗಿಲಿಗೆ ಓಡಿದರು. ಒಳಗೆ ಆಗಲೇ ಬೇರೆ ಮೊಕದ್ದಮೆ ನಡೆಯುತ್ತಿತ್ತು. ಅರ್ಜಿ ಹಾಕಿ, ದಿನಾಂಕ ಬರುತ್ತದೆ ಎಂದನಂತೆ ಅಲ್ಲಿಯ ಗುಮಾಸ್ತ.

ಹೊರಡುವಾಗ ವ್ಯಾನಿನ ಹಿಂಬಾಗಿಲಿಗೆ ಬೀಗ ಹಾಕಿದ್ದು ಎಲಿಹಿಯೋನೇ. ಊರು ದಾಟಿ ಕೆಂಪು ಮಣ್ಣಿನ ರಸ್ತೆಗೆ ಇಳಿದಾಗ ಬಸ್ಸಿಗೆ ಕಾಯುತ್ತ ಲಿಬ್ರಾದಾ ಒಬ್ಬಳೇ ನಿಂತಿದ್ದಳು. ನಾನು ವೇಗ ತಗ್ಗಿಸಿದೆ.

"ನಿಲ್ಲಿಸ್ಬೇಡ," ಎಂದ ಎಲಿಹಿಯೋ. ದನಿಯಲ್ಲಿ ಜೋರಿರಲಿಲ್ಲ. "ದಾರೀಲಿ ನಿಲ್ಲಿಸೋ ಹಂಗಿಲ್ಲ."

ಹಿಂದೆ ಹುಡುಗ ಕಿಟಕಿಯ ಜಾಲರಿಗೆ ಬಾಯಿ ಒತ್ತಿ ಕೂಗತೊಡಗಿದ. "ಇರ್ತೀನಿ ಚಿಕ್ಕಮ್ಮಾ! ನಿನ್ ಮನೇಲೇ ಇರ್ತೀನಿ! ಶಾಲೆಗೂ ಹೋಗ್ತೀನಿ!" ಆ ಕಿಟಕಿಯ ದಪ್ಪ ಗಾಜು ತೆರೆಯುವಂಥದ್ದಲ್ಲ. ವ್ಯಾನು ಪಕ್ಕದಲ್ಲೇ ಹಾದುಹೋಗುವಾಗ, ಮೇಲೆದ್ದ ಧೂಳಿಗೆ ಅವಳು ಮುಖ ತಿರುಗಿಸಿ ಅಂಗಿಯ ಗಂಟಿನಿಂದ ಮೂಗು ಮುಚ್ಚಿಕೊಂಡಳು.