ಮುಂದಿನ ಎಡಗಡೆಯ ಸದ್ದು

ದಾವಣಗೆರೆ ಊರು ಮುಗಿದು ಹರಿಹರದ ರಸ್ತೆ ಶುರುವಾಗುವ ಕಡೆ, ತಗಡಿನ ಚಪ್ಪರದ ಕೆಳಗೆ ಗೋಣೆಪ್ಪನ ಗ್ಯಾರೇಜಿತ್ತು. ಬೇರೆ ಮೇಸ್ತ್ರಿಗಳು ಬಿಚ್ಚಿ ನೋಡಿ ಹೇಳುವುದನ್ನು ಅವನು ಲಾರಿ ತಿರುವಿನಲ್ಲಿ ಬರುವಾಗಲೇ ಹೇಳಿಬಿಡುತ್ತಿದ್ದ. "ಮೂರನೇ ವಾಲ್ವು ಸುಟ್ಟೈತೆ ನೋಡ್ರಿ" ಎಂದರೆ ಸುಟ್ಟೇ ಇರುತ್ತಿತ್ತು. ಚಿತ್ರದುರ್ಗದಿಂದ ಹಾವೇರಿಯವರೆಗಿನ ಡ್ರೈವರುಗಳು ಅವನ ಕಿವಿಯ ವಿಷಯ ಮಾತಾಡಿಕೊಳ್ಳುತ್ತಿದ್ದರು.

ಆ ಕಿವಿ ಎರಡು ವರ್ಷದಿಂದ ಹೋಗುತ್ತಾ ಬಂದಿತ್ತು. ಮೊದಲು ಹಕ್ಕಿಗಳ ದನಿ ಹೋಯಿತು. ಆಮೇಲೆ ಹೆಂಗಸರ ಮಾತು ಮಸುಕಾಯಿತು. ಐವತ್ತೊಂಬತ್ತನೆಯ ಇಸವಿಯ ಬೇಸಿಗೆಯ ಹೊತ್ತಿಗೆ, ಎದುರಿಗಿದ್ದವರ ತುಟಿ ನೋಡಿ ಅರ್ಧ ತಿಳಿದುಕೊಂಡು ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸುವುದು ಅವನಿಗೆ ರೂಢಿಯಾಗಿತ್ತು. ಎಂಜಿನ್ನಿನ ಮೇಲೆ ಅಂಗೈ ಇಟ್ಟು ಅದರ ನಡುಕದಿಂದಲೇ ದೋಷ ಹಿಡಿಯುತ್ತಿದ್ದ. ಬಹಳ ಸಲ ಅದು ಸರಿಯಾಗಿಯೇ ಇರುತ್ತಿತ್ತು.

ಹೆಂಡತಿ ಸುಂಕಲಮ್ಮನಿಗೆ ಮಾತ್ರ ಗೊತ್ತಿತ್ತು. ಒಂದು ಬೆಳಿಗ್ಗೆ ಅವನ ಬೆನ್ನ ಹಿಂದೆಯೇ ತಾಮ್ರದ ಕೊಡ ಬಿದ್ದು ಉರುಳಿದರೂ ಅವನು ತಿರುಗಿರಲಿಲ್ಲ. ಅವಳು ಎದುರಿಗೆ ಬಂದು ಕೂತಳು.

"ಲಾರಿಯೋರಿಗೆ ಹೇಳಿಬಿಡ್ರಿ. ಇದು ಮುಚ್ಚಿಡೋ ಅಂಥದ್ದಲ್ಲ."

"ಹೇಳಿದ ಮಾರನೇ ದಿನ ನನ್ನ ಹತ್ರ ಯಾರು ಬರ್ತಾರೆ?" ಎಂದ ಗೋಣೆಪ್ಪ. ಅವಳು ಮತ್ತೇನೋ ಅಂದಳು. ಅವನು ನೆಲ ನೋಡುತ್ತಿದ್ದುದರಿಂದ ಅದು ತಿಳಿಯಲಿಲ್ಲ.

ಅದೇ ವಾರ ಬುಡನ್ ಸಾಬ್ ತನ್ನ ಲಾರಿ ತಂದು ನಿಲ್ಲಿಸಿದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೇ ಅಮೆರಿಕನ್ ಗಾಡಿ ಅದು, ಸ್ಟೀರಿಂಗು ಎಡಗಡೆ. ಮಿಲ್ಲುಗಳಿಂದ ಶೇಂಗಾ ಎಣ್ಣೆ ಡಬ್ಬಿ ಹೇರಿಕೊಂಡು ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋಗುವುದು ಅವನ ನಿತ್ಯದ ಕೆಲಸ. ಗೋಣೆಪ್ಪನಿಗೂ ಅವನಿಗೂ ಹನ್ನೆರಡು ವರ್ಷದ ಸ್ನೇಹ. ಆ ಗಾಡಿಗೆ ಇನ್ನೊಬ್ಬ ಮೇಸ್ತ್ರಿಯ ಕೈ ಸೋಕಿರಲಿಲ್ಲ.

"ಮೇಸ್ತ್ರಿ, ಮುಂದೆ ಎಡಗಡೆ ಟಕ್ ಅಂತೈತೆ. ಗುಂಡಿಗೆ ಇಳಿದ್ರೂ ಅಂತೈತೆ, ಬ್ರೇಕ್ ಒತ್ತಿದ್ರೂ ಅಂತೈತೆ. ಯಾರೋ ಸುತ್ತಿಗೆ ತಗಂಡು ಕೆಳಗಿಂದ ಹೊಡದಂಗೆ."

ಗೋಣೆಪ್ಪ ಗಾಡಿಯ ಕೆಳಗೆ ತೂರಿದ. ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಗೆ ನೇತುಹಾಕಿದ್ದ ಪಿನ್ನಿನ ಬುಷ್ಷು ಸವೆದಿತ್ತು. ಸಿಕ್ಕಿತು ಎಂದು ಖುಷಿಯಾಗಿ, ಹೊಸದು ಹಾಕಿ ಕಳಿಸಿದ. ಮರುದಿನ ಬುಡನ್ ಸಾಬ್ ವಾಪಸ್ಸು ಬಂದ. ಸದ್ದು ಹಾಗೇ ಇದೆಯಂತೆ. ಈ ಸಲ ಗೋಣೆಪ್ಪ ಚಕ್ರ ಬಿಚ್ಚಿ, ಅದು ಎಡಬಲಕ್ಕೆ ತಿರುಗುವ ಕಿಂಗ್ ಪಿನ್ನನ್ನೇ ಬದಲಾಯಿಸಿದ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿದಿದ್ದ ಯು-ಬೋಲ್ಟುಗಳಿಗೂ ಪಾನಾ ಹಾಕಿ ಜಗ್ಗಿದ. ನಟ್ಟು ಅಲುಗಲಿಲ್ಲ. ಬಿಗಿ ಇವೆ ಎಂದುಕೊಂಡ. ತುಕ್ಕು ತಿಂದು ಕಚ್ಚಿಕೊಂಡ ನಟ್ಟೂ ಹಾಗೇ ಬಿಗಿಯಾಗಿ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಮೊದಲಿನ ಗೋಣೆಪ್ಪನಾಗಿದ್ದರೆ ಬುಡನ್ ಸಾಬನಿಗೆ ಬ್ರೇಕ್ ಒತ್ತಲು ಹೇಳಿ, ತಾನು ಕೆಳಗೆ ಕಿವಿಯಿಟ್ಟು ಮಲಗಿ, ಸದ್ದು ಹುಟ್ಟುವ ಜಾಗವನ್ನು ಬೆರಳಿಟ್ಟು ತೋರಿಸುತ್ತಿದ್ದ. ಈಗ ಮಲಗಿ ಮಾಡುವುದೇನು?

ಮೂರನೆಯ ದಿನ ಬುಡನ್ ಸಾಬ್ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಾತಿಯವರೆಗೆ ಗಾಡಿ ಓಡಿಸಿದ. ಬೇಕೆಂದೇ ಗುಂಡಿಗೆ ಇಳಿಸುತ್ತಿದ್ದ, ಬ್ರೇಕ್ ಒತ್ತುತ್ತಿದ್ದ, ಪ್ರತಿ ಸಲ ತಿರುಗಿ ನೋಡುತ್ತಿದ್ದ.

"ಕೇಳ್ತಾ?"

"ಹೂಂ."

"ಈಗ?"

"ಹೂಂ, ಹೂಂ."

ಗೋಣೆಪ್ಪನಿಗೆ ಕೇಳಿದ್ದು ಒಂದೇ, ನೀರೊಳಗೆ ಮುಳುಗಿದಾಗ ಕೇಳುವಂಥ ಒಂದು ಮೊರೆತ. ಕಾಲನ್ನು ನೆಲದ ಹಲಗೆಗೆ ಒತ್ತಿ ಹಿಡಿದ. ಇಡೀ ಗಾಡಿಯೇ ನಡುಗುತ್ತಿತ್ತು. ಅದರಲ್ಲಿ ಯಾವ ನಡುಕ ಯಾವುದರದು? ಗೊತ್ತಾಗುತ್ತಿಲ್ಲ ಎಂಬ ಮಾತು ಎರಡು ಸಲ ಬಾಯಿಯವರೆಗೂ ಬಂತು.

ಬಾತಿಯ ಕೆರೆಯ ಬಳಿ ಗಾಡಿ ನಿಂತಿತು. ಗೋಣೆಪ್ಪ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟ. ಎಡಗಡೆಯ ಕೊಂಡಿ ಸಡಿಲವಾಗಿ ಅದು ಪಟಪಟ ಅದುರುತ್ತಿತ್ತು.

"ಇದೇ ನೋಡ್ರಿ ಸಾಬ್ರೆ. ಬಾನೆಟ್ಟಿನ ಕೊಂಡಿ."

ಬುಡನ್ ಸಾಬ್ ಹುಬ್ಬು ಗಂಟಿಕ್ಕಿದ. "ಬಾನೆಟ್ಟಾ? ನನ್ನ ಕಾಲ್ಕೆಳಗೆ ಹೊಡದಂಗೆ ಆಗ್ತೈತಲ್ರಿ?"

"ತಗಡಿನ ಸದ್ದು ಹಂಗೇ. ಎಲ್ಲೋ ಹುಟ್ಟತೈತೆ, ಎಲ್ಲೋ ಕೇಳತೈತೆ."

ಹಳೇ ಚಪ್ಪಲಿಯ ತೊಗಲು ಕತ್ತರಿಸಿ ಕೊಂಡಿಯ ಕೆಳಗೆ ತುರುಕಿ ಬಿಗಿದ. ವಾಪಸ್ಸು ಬರುವಾಗ ಬುಡನ್ ಸಾಬ್ ಗುಂಡಿ ತಪ್ಪಿಸಿ ನಿಧಾನಕ್ಕೆ ಓಡಿಸಿದ. ಗ್ಯಾರೇಜಿನ ಮುಂದೆ ಇಳಿಸುವಾಗ ಕೇಳಿದ, "ಹೋತಂತೀರಾ ಮೇಸ್ತ್ರಿ?"

"ಹೋತು."

"ನೀವು ಹೇಳಿದ್ಮ್ಯಾಲೆ ಮುಗೀತು ಬಿಡ್ರಿ."

ಎರಡು ದಿನ ಕಳೆದವು. ಮೂರನೆಯ ದಿನ ಬೆಳಗಿನ ಹತ್ತರ ಹೊತ್ತಿಗೆ ಗೋಣೆಪ್ಪ ಯಾವುದೋ ಗೇರ್‌ಬಾಕ್ಸಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಹಿಂದಿನಿಂದ ಯಾರೋ ಭುಜ ಹಿಡಿದು ಜಗ್ಗಿದರು. ಲಾರಿ ಡ್ರೈವರ್ ಕರಿಯಣ್ಣ. ಎಷ್ಟು ಹೊತ್ತಿನಿಂದ ಕೂಗುತ್ತಿದ್ದನೋ, ಕತ್ತಿನ ನರ ಉಬ್ಬಿದ್ದವು.

"ಬುಡನ್ ಸಾಬ್ರ ಗಾಡಿ ಮರಕ್ಕೆ ಹೊಡೀತು! ಹರಿಹರದ ಈಚಿಗೆ! ಕಾಲು ಸಿಕ್ಕಾಕ್ಕಂಡು, ಕಬ್ಬಿಣದ ಸಲಾಕಿ ಹಾಕಿ ಎತ್ತಿದ್ವಿ. ದೊಡ್ಡಾಸ್ಪತ್ರೆಗೆ ಹಾಕೇವಿ."

ಗೋಣೆಪ್ಪ ಆಸ್ಪತ್ರೆಗೆ ಹೋಗಲಿಲ್ಲ. "ಮೊದ್ಲು ಗಾಡಿ ನೋಡಬೇಕು, ಕರಕಂಡು ಹೋಗು" ಎಂದ.

ಹರಿಹರ ಇನ್ನೊಂದು ಮೈಲಿ ಇರುವಲ್ಲಿ, ರಸ್ತೆಯ ಎಡಕ್ಕೆ ಹುಣಸೆ ಮರಕ್ಕೆ ಮುಖ ಕೊಟ್ಟು ಲಾರಿ ನಿಂತಿತ್ತು. ಒಡೆದ ಡಬ್ಬಿಗಳ ಎಣ್ಣೆ ಚರಂಡಿಯಲ್ಲಿ ಹರಿದು ನಿಂತಿತ್ತು. ಪಕ್ಕದ ಗುತ್ತೂರಿನ ಹೆಂಗಸರು ಅದನ್ನು ಚೆಂಬಿನಲ್ಲಿ ಬಳಿದು ಕೊಡಕ್ಕೆ ತುಂಬಿಕೊಳ್ಳುತ್ತಿದ್ದರು. ಎತ್ತಿನ ಗಾಡಿಯೊಂದು ಅಡ್ಡ ಬಂತಂತೆ. ಬುಡನ್ ಸಾಬ್ ಬ್ರೇಕ್ ಒತ್ತಿದ ಕೂಡಲೇ ಲಾರಿ ತಾನಾಗಿಯೇ ಎಡಕ್ಕೆ ಎಳೆದುಕೊಂಡು ಹೋಯಿತಂತೆ. ಕರಿಯಣ್ಣ ಕೈ ಆಡಿಸಿ ವಿವರಿಸುತ್ತಿದ್ದ. ಗೋಣೆಪ್ಪ ಅಷ್ಟರಲ್ಲಿ ಎಣ್ಣೆ ಕಲಸಿದ ಮಣ್ಣಿನಲ್ಲಿ ಅಂಗಾತ ಮಲಗಿ ಕೆಳಗೆ ತೂರಿದ್ದ.

ಎಡಗಡೆ ಆಕ್ಸಲ್ಲು ಸ್ಪ್ರಿಂಗಿನ ಕೆಳಗಿನಿಂದ ಒಂದು ಗೇಣು ಹಿಂದಕ್ಕೆ ಸರಿದಿತ್ತು. ಯು-ಬೋಲ್ಟುಗಳು ಡೊಂಕಾಗಿದ್ದವು. ಪಟ್ಟಿಗಳ ನಟ್ಟನಡುವೆ ಇದ್ದು ಆಕ್ಸಲ್ಲನ್ನು ಜಾಗದಲ್ಲಿ ಹಿಡಿಯುವ ಸೆಂಟರ್ ಬೋಲ್ಟು ತುಂಡಾಗಿತ್ತು. ಅದರ ತಲೆ ಬೆರಳಿಗೆ ಸಿಕ್ಕಿತು. ಹೊರಗೆ ತಂದು ಬಿಸಿಲಿಗೆ ಹಿಡಿದ.

ಮುರಿದ ಮುಖ ತುಕ್ಕು ಹಿಡಿದು ಕೆಂಪಗಾಗಿತ್ತು. ಇವತ್ತು ಮುರಿದದ್ದಾಗಿದ್ದರೆ ಬೆಳ್ಳಿಯ ಹಾಗೆ ಹೊಳೆಯಬೇಕಿತ್ತು. ಇದು ಮುರಿದು ವಾರಗಳೇ ಆಗಿದ್ದವು. ಅವನು ಬುಷ್ಷು ಹಾಕಿದಾಗಲೂ, ಕಿಂಗ್ ಪಿನ್ ಬದಲಾಯಿಸಿದಾಗಲೂ, ಬಾತಿಯ ಕೆರೆಯ ಬಳಿ ನಿಂತಾಗಲೂ ಅದು ಮುರಿದೇ ಇತ್ತು. ಪ್ರತಿ ಬ್ರೇಕಿಗೂ ಆಕ್ಸಲ್ಲು ಸರಿದು ಬಡಿದು ಹೇಳುತ್ತಲೇ ಇತ್ತು.

"ಏನಾಗೈತಣ್ಣ?" ಎಂದು ಕರಿಯಣ್ಣ ಬಗ್ಗಿದ.

"ನನ್ನಿಂದ ಆಗೈತೆ" ಎಂದ ಗೋಣೆಪ್ಪ. ಕರಿಯಣ್ಣನಿಗೆ ಅರ್ಥವಾಗಲಿಲ್ಲ.

ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮೂರು ಗಂಟೆ. ಬುಡನ್ ಸಾಬನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಹೊದಿಕೆ ಅಲ್ಲಿಂದ ಮುಂದಕ್ಕೆ ಚಪ್ಪಟೆಯಾಗಿ ಬಿದ್ದಿತ್ತು. ಹೆಂಡತಿ ಹುಸೇನ್‌ಬಿ ತಲೆದಿಂಬಿನ ಬಳಿ ನಿಂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಗೋಣೆಪ್ಪನನ್ನು ಕಂಡು ಬುಡನ್ ಸಾಬನ ತುಟಿ ಅಲುಗಿದವು. ಎರಡನೆಯ ಸಲವೂ ಅಲುಗಿದವು. ಗೋಣೆಪ್ಪ ರೂಢಿಯಂತೆ ತಲೆಯಾಡಿಸಿದ.

ಹುಸೇನ್‌ಬಿ ಅವನ ಮುಖ ನೋಡಿದಳು. "ಅಣ್ಣಾ, ಏನು ಮುರಿದಿತ್ತು ಅಂತ ಕೇಳ್ತಾರೆ. ನೀವು ಹೂಂ ಅಂತೀರಲ್ಲ?"

ಗೋಣೆಪ್ಪ ಮಂಚದ ಕಬ್ಬಿಣದ ಕಂಬಿ ಹಿಡಿದುಕೊಂಡ.

"ನನಗೆ ಕಿವಿ ಕೇಳಲ್ಲ, ತಂಗೀ. ಎರಡು ವರ್ಷ ಆತು. ಸಾಬ್ರೆ, ಆ ಸದ್ದು ನಾನು ಒಂದ್ಸಲಾನೂ ಕೇಳ್ಲಿಲ್ಲ. ಬಾನೆಟ್ಟು ಅಂದಿದ್ದು ಸುಳ್ಳು. ಸೆಂಟರ್ ಬೋಲ್ಟು ಮುರಿದಿತ್ತು. ನನಗೆ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅಂತ ಹೇಳಾಕೂ ಬಾಯಿ ಬರ್ಲಿಲ್ಲ."

ಹುಸೇನ್‌ಬಿಯ ಕೈಯಲ್ಲಿ ಆಡುತ್ತಿದ್ದ ಸೆರಗು ನಿಂತಿತು. ಬುಡನ್ ಸಾಬ್ ಅವನನ್ನು ನೋಡಿದ. ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಗುರುತೇ ಸಿಗದವನನ್ನು ನೋಡುವ ನೋಟವಿತ್ತು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ಅತ್ತಲೇ ಏನೋ ಹೇಳಿದ. ತುಟಿ ಕಾಣಲಿಲ್ಲ. ದವಡೆ ಅಲುಗಿದ್ದು ಮಾತ್ರ ಕಂಡಿತು.

"ಏನಂದ್ರು?" ಎಂದು ಗೋಣೆಪ್ಪ ಹುಸೇನ್‌ಬಿಯನ್ನು ಕೇಳಿದ.

ಅವಳು ಬಾಗಿಲ ಕಡೆ ಕೈ ತೋರಿಸಿದಳು.

ಮಾರನೇ ದಿನದಿಂದ ಗೋಣೆಪ್ಪ ಗ್ಯಾರೇಜಿಗೆ ಬಂದವರಿಗೆಲ್ಲ ತಾನೇ ಮೊದಲು ಹೇಳತೊಡಗಿದ: "ನನಗೆ ಕಿವಿ ಕೇಳಲ್ಲ. ನೋಡಿ ಮಾಡೋ ಕೆಲಸ ಇದ್ರೆ ಬಿಡ್ರಿ, ಇಲ್ಲಾಂದ್ರ ಬ್ಯಾಡ." ಹೆಚ್ಚಿನವರು ಗಾಡಿ ತಿರುಗಿಸಿಕೊಂಡು ಹೋದರು. ಉಳಿದ ಒಬ್ಬಿಬ್ಬರು ಟಯರು, ಪಂಕ್ಚರು ಎಂದು ಬರುತ್ತಿದ್ದರು. ಬುಡನ್ ಸಾಬ್ ಊರುಗೋಲು ಹಿಡಿದು ಮಿಲ್ಲಿನ ಗೇಟಿನಲ್ಲಿ ಕಾವಲಿಗೆ ಸೇರಿದನೆಂದು ಕರಿಯಣ್ಣ ಹೇಳಿದ. ಗೋಣೆಪ್ಪ ಒಮ್ಮೆ ಆ ಗೇಟಿನವರೆಗೆ ಹೋದ. ಎದುರಿಗೆ ನಿಂತ. ಬುಡನ್ ಸಾಬ್ ಸ್ಟೂಲಿನಿಂದ ಏಳಲಿಲ್ಲ, ಮಾತೂ ಆಡಲಿಲ್ಲ. ಅವನು ಆಡಿದ್ದರೆ ತುಟಿ ನೋಡಿ ತಿಳಿಯಬಹುದಿತ್ತು. ಮಿಲ್ಲಿನ ಸಂಜೆಯ ಪಾಳಿ ಬಿಟ್ಟು ಜನ ಇಬ್ಬರ ನಡುವೆ ನುಗ್ಗಿದರು. ಆ ಜನ ಕರಗುವವರೆಗೆ ಗೋಣೆಪ್ಪ ಕಾಯಲಿಲ್ಲ, ಗ್ಯಾರೇಜಿನ ಕಡೆ ನಡೆದ.