ಮೂಲೆಯ ಕೆಲಸದವರು

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಬದುಕಿರುವಷ್ಟು ದಿನ ಅಂಗಡಿಯ ಮೂಲೆಗಳಿಗೆ ಪೊರಕೆ ತಾಗಿಸಲು ಬಿಡಲಿಲ್ಲ. ಜೇಡಗಳನ್ನು ತೋರಿಸಿ, "ಇವರು ನಮ್ಮ ಕೆಲಸದೋರು. ರಜಾ ಕೇಳಲ್ಲ, ಇವರ ತಂಟೆಗೆ ಹೋಗ್ಬೇಡ" ಎನ್ನುತ್ತಿದ್ದ. ಮಗಳು ಅದನ್ನು ಸೋಮಾರಿಯ ಸಬೂಬು ಎಂದುಕೊಂಡಿದ್ದಳು. ರಟ್ಟು ಕೂದಲೆಳೆಯಷ್ಟು ಸೊಟ್ಟಗಾದರೂ ಬಿಚ್ಚಿ ಹೊಲಿಯುವ ಮನುಷ್ಯ ಸೋಮಾರಿ ಹೇಗಾದಾನು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಅಪ್ಪ ಹೋದ ಮೇಲೆ ಅಂಗಡಿ ಅವಳ ಕೈಗೆ ಬಂತು, ಜೊತೆಗೊಂದು ನೋಟ್‌ಬುಕ್. ಮದುವೆಯಾದ ವರ್ಷ ಅಪ್ಪ ಅದರಲ್ಲಿ ದಿನಕ್ಕೊಂದು ಪುಟ ಬರೆದಿದ್ದ, ಯಾರಿಗೂ ತೋರಿಸಿರಲಿಲ್ಲ. ಅಮ್ಮನಿಗೆ ಈಗ ಕಣ್ಣು ಕಾಣದು. ಸಂಜೆಗೊಂದು ಪುಟ ಮಗಳು ಓದಬೇಕು, ಅಮ್ಮ ಕೇಳಬೇಕು. ಮುಂದಿನ ಪುಟ ಇಣುಕಬಾರದು ಎಂದು ಅಮ್ಮನ ಕಟ್ಟಪ್ಪಣೆ. ಬೇಗ ಮುಗಿದುಬಿಟ್ಟರೆ ಗಂಡ ಎರಡನೇ ಸಲ ಹೋದಂತೆ ಎಂದು ಅವಳಿಗೆ ಭಯ.

ನಲವತ್ತು ಪುಟವಾಗುವಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. ಓದು ನಿಂತಿತು. ಹೊಲಿಗೆ ಸಡಿಲವಾಗಿದ್ದ ನೋಟ್‌ಬುಕ್ಕನ್ನು ಮಗಳು ಅಂಗಡಿಗೆ ಒಯ್ದು, ಮೈದಾ ಅಂಟು ಹಚ್ಚಿ ಕಪಾಟಿನಲ್ಲಿಟ್ಟಳು. ಅಪ್ಪನ ಜಾಗ ಥಳಥಳ ಹೊಳೆಯಲಿ ಎಂದು ಏಣಿ ಹತ್ತಿ, ಒಂದೂ ಬಿಡದೆ ಬಲೆಗಳನ್ನು ಗುಡಿಸಿ, ಜೇಡಗಳನ್ನು ಬೀದಿಗೆ ಸುರಿದಳು. ಪಾಪ, ಪ್ರೀತಿಯಿಂದಲೇ ಮಾಡಿದ್ದು.

ಮೂರು ತಿಂಗಳಿಗೆ ಅಮ್ಮ ಎದ್ದು ಕೂತಳು. ಮಗಳು ನೋಟ್‌ಬುಕ್ ಮನೆಗೆ ತಂದು ತೆರೆದಳು. ಬೆಳ್ಳಿ ಬಣ್ಣದ ಹುಳಗಳು ದಿಕ್ಕಾಪಾಲಾಗಿ ಓಡಿದವು. ಜೇಡಗಳು ಇಷ್ಟು ವರ್ಷ ಹಿಡಿದು ತಿನ್ನುತ್ತಿದ್ದದ್ದು ಇವನ್ನೇ. ಕೇಳುವವರಿಲ್ಲದೆ ಅವು ಸಂಸಾರ ಬೆಳೆಸಿಕೊಂಡು, ಅಂಟಿನ ರುಚಿ ಹಿಡಿದು ಕಾಗದಕ್ಕೂ ಬಾಯಿ ಹಾಕಿದ್ದವು. ಓದಿದ್ದು, ಓದದ್ದು ಎನ್ನದೆ ಎಲ್ಲ ಪುಟಗಳೂ ಜರಡಿಯಾಗಿದ್ದವು.

"ಓದೇ," ಎಂದಳು ಅಮ್ಮ.

"ಇವತ್ತು... ಇವತ್ತು ಮಳೆ ಬಂತು..."

ಅಮ್ಮ ಕೈ ಚಾಚಿ ಪುಟ ಸವರಿದಳು. ಬೆರಳು ತೂತಿನಿಂದಾಚೆ ಬಂತು.

"ಮೂಲೆ ಗುಡಿಸಿದ್ಯಾ?"

"ಹೂಂ ಅಮ್ಮ. ತಪ್ಪಾಯ್ತು."

ಅಮ್ಮ ತೂತಿನ ಅಂಚನ್ನು ಬೆರಳಲ್ಲಿ ಸವರಿ ನೋಟ್‌ಬುಕ್ ಮುಚ್ಚಿದಳು.

"ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಒಂದು ಬಲೆ ಮುಖಕ್ಕೆ ತಾಗ್ತು. ಆ ಜೇಡನ್ನ ಡಬ್ಬೀಲಿ ಹಿಡ್ಕೊಂಡು ಹೋಗಿ ಅಂಗಡೀಲಿ ಬಿಡು. ಜನ ಬೈಂಡಿಂಗಿಗೆ ಕೊಟ್ಟಿರೋ ಪುಸ್ತಕನಾದ್ರೂ ಉಳೀಲಿ."

ಮಗಳು ಡಬ್ಬಿ ಹುಡುಕಲು ಎದ್ದಳು.

"ಬೇಗ ಬಾ," ಎಂದಳು ಅಮ್ಮ. "ಬಂದು ಮೊದಲನೇ ಪುಟದಿಂದ ಹೇಳು. ಮರೆತ ಕಡೆ ನಾನು ಹೇಳ್ಕೊಡ್ತೀನಿ. ನೀನು ಓದಿದ ನಲವತ್ತು ದಿನ ನನ್ನ ಹತ್ರ ಇವೆ."