ಸುಳ್ಳು ಹುಳ

"ಅದಲ್ರೀ ವೈನಿ, ಬಂಗಾರದ್ದು ತಗೀರಿ!"

ಉದಯ ಅಂಗಳದಿಂದ ಕೂಗಿದಾಗ ಸುಬ್ಬಿ ಜಗಲಿಯಲ್ಲಿ ಕುಳಿತು ಗಂಡನ ಟೋಪಿಗೆ ಚುಚ್ಚಿದ್ದ ಎರಡು ಗಾಳದ ಹುಳಗಳಲ್ಲಿ ಕಪ್ಪನೆಯದನ್ನು ಬಿಡಿಸುತ್ತಿದ್ದಳು. ದ್ಯಾಮಪ್ಪ ಅಂಗಳದಲ್ಲಿ ಚಟ್ಟದ ಮೇಲೆ ಮಲಗಿದ್ದ. ನಿನ್ನೆ ಮಧ್ಯಾಹ್ನ ಕೇಳಿ ಕೇಳಿ ಸಾರು ಬಡಿಸಿಕೊಂಡು ಉಂಡು, ಒಂದು ಗಳಿಗೆ ಅಡ್ಡಾಗುತ್ತೇನೆಂದು ಚಾಪೆ ಬಿಡಿಸಿದವನು ಮತ್ತೆ ಏಳಲಿಲ್ಲ. ಬಂದವರೆಲ್ಲ ಅತ್ತರು. ಅತ್ತು ಮುಗಿದ ಮೇಲೆ ಅವನ ಮೀನಿನ ಮಾತು ಶುರುವಾಗಿ, ಈಗ ಜಗಳವೇ ಹತ್ತಿಕೊಂಡಿತ್ತು.

ಜೀವಮಾನವೆಲ್ಲ ಅರಬೈಲ್ ಘಟ್ಟದಲ್ಲಿ ಬಸ್ಸು ಓಡಿಸಿದವನು ಅವನು. ರಜೆ ಸಿಕ್ಕರೆ ಬೇಡ್ತಿ ಹೊಳೆ. ಎರೆಹುಳವನ್ನು ಕೊಕ್ಕೆಗೆ ಚುಚ್ಚುವುದು ಅವನಿಗೆ ಸೇರದು. ಕೊಕ್ಕೆಗೆ ಕೋಳಿಪುಕ್ಕ, ನೂಲು ಸುತ್ತಿ, ಅದನ್ನೇ ಹುಳದ ಹಾಗೆ ಮಾಡಿ ನೀರಿನ ಮೇಲೆ ಎಸೆಯುತ್ತಿದ್ದ. ಊರವರು ಅದನ್ನು ಸುಳ್ಳು ಹುಳ ಎಂದು ಕರೆದರು. "ನಾ ಹೋಗೂ ದಿನ ಎದಿ ಮ್ಯಾಲ ಒಂದು ಛಲೋ ಹುಳ ಇಡ್ರಿ" ಎಂದು ಹೇಳಿಟ್ಟಿದ್ದ. ಯಾವುದು ಎಂದು ಹೇಳಿರಲಿಲ್ಲ.

"ಆ ದೊಡ್ಡ ಮಹಶೀರ್ ಮೀನು ಬಿದ್ದದ್ದು ಬಂಗಾರದ್ದಕ್ಕ" ಎಂದ ಉದಯ. ದ್ಯಾಮಪ್ಪನ ಬಸ್ಸಿಗೆ ಕಂಡಕ್ಟರನಾಗಿದ್ದವನು. "ಇಡೀ ಡಿಪೋಕ್ಕ ಗೊತ್ತೈತಿ."

ಸುಬ್ಬಿಯ ಅಣ್ಣ ಬೈರ ತಲೆಯಾಡಿಸಿದ. "ಯಾವ್ದೂ ಬೇಡ. ಚಿತೆಗೆ ಕಬ್ಬಿಣ ಹಾಕೂಕೆ ಆಗೂದಿಲ್ಲ. ಕೊಕ್ಕೆ ಇಟ್ಟು ಕಳ್ಸಿದ್ರೆ ಭಾವ ಇಲ್ಲೇ ಎಲ್ಲಾದ್ರೂ ಸಿಕ್ಕಾಕ್ಕೊಳ್ತಾನೆ."

ಹೆಂಗಸರ ನಡುವೆ ಯಾರೋ ಕಿಸಕ್ಕನೆ ನಕ್ಕರು. ಮಗಳು ಕಾವ್ಯಶ್ರೀ ಕಣ್ಣೊರೆಸಿಕೊಳ್ಳುತ್ತಲೇ ಕೊಕ್ಕೆ ಕತ್ತರಿಸಲು ಇಕ್ಕಳ ಹುಡುಕಿಕೊಂಡು ಒಳಗೆ ಓಡಿದಳು.

ಸುಬ್ಬಿ ಎರಡೂ ಹುಳಗಳನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಕುಳಿತಳು. ಮಹಶೀರ್ ಬಂಗಾರದ್ದಕ್ಕೆ ಬಿದ್ದಿರಲಿಲ್ಲ. ಅವಳಿಗೆ ಗೊತ್ತಿತ್ತು.

* * *

ಕಾವ್ಯಶ್ರೀ ಇನ್ನೂ ಶಾಲೆಗೆ ಹೋಗುತ್ತಿದ್ದಾಗಿನ ಮಾತು. ಕಾಳಿ ಹೊಳೆಯ ದಂಡೆಯಲ್ಲಿ ಪ್ರವಾಸಿಯೊಬ್ಬ ಪುಕ್ಕದ ಹುಳ ಎಸೆಯುವುದನ್ನು ನೋಡಿ ಬಂದ ದ್ಯಾಮಪ್ಪನಿಗೆ ಅದರ ಹುಚ್ಚು ಹಿಡಿಯಿತು. ಹೆಂಡತಿಯ ಮದುವೆ ಸೀರೆಯ ಜರಿ ಕತ್ತರಿಸಿ ಬಂಗಾರದ ಹುಳ ಕಟ್ಟಿದ. ಸುಬ್ಬಿ ಮಾತು ಬಿಟ್ಟಳು. ಆಮೇಲೆ, ತನ್ನ ಸೀರೆ ಏನು ಹಿಡಿಯುತ್ತದೋ ನೋಡೋಣವೆಂದು ತಾನೂ ಹೊಳೆಗೆ ಹೋದಳು.

ಒಂದು ಮೀನೂ ಮೂಸಲಿಲ್ಲ. ಬಂಡೆಯ ಮೇಲೆ ಕುಳಿತ ಸುಬ್ಬಿ ನೀರು ನೋಡುತ್ತಿದ್ದಳು. ಹೊಳೆಗೆ ಬಾಗಿದ ಮರದಿಂದ ಕಪ್ಪಿರುವೆಗಳು ಉದುರುತ್ತಿದ್ದವು. ಬಿದ್ದಲ್ಲೆಲ್ಲ ನೀರು ಗುಳುಂ ಎನ್ನುತ್ತಿತ್ತು. ಅವಳು ತನ್ನ ಜಡೆಯಿಂದ ಕೂದಲು ಕಿತ್ತು, ಸಣ್ಣ ಕೊಕ್ಕೆಗೆ ಸುತ್ತಿ, ನಡುವೆ ಬಿಗಿದು ಇರುವೆ ಮಾಡಿದಳು.

"ಇದ್ನ ಕಟ್ಟಿ. ಅವು ಇರುವೆ ತಿಂತಾ ಇದಾವೆ."

"ಮಹಶೀರ್ ಅಂದ್ರ ರಾಜಾ ಇದ್ದಂಗ. ರಾಜಾ ಇರುವಿ ತಿಂತಾನೇನ?"

"ರಾಜಂಗೆ ಹಸಿವಾಗೂದಿಲ್ವಾ?"

ಅವನು ಕೇಳಲಿಲ್ಲ. ಇಳಿಹೊತ್ತಿಗೆ ಅವಳು ತಂದಿದ್ದ ಬಟ್ಟೆ ಒಗೆಯಲು ಕೆಳಗೆ ಹೋದಳು. ಅಲ್ಲಿಂದ ಪೊದೆಯ ಸಂದಿಯಲ್ಲಿ ಕಂಡಿತು: ದ್ಯಾಮಪ್ಪ ಕಳ್ಳನ ಹಾಗೆ ಅತ್ತಿತ್ತ ನೋಡಿ, ಬಂಗಾರದ್ದನ್ನು ಬಿಚ್ಚಿ, ಇರುವೆಯನ್ನು ಕಟ್ಟಿದ. ಎಸೆದದ್ದೇ ತಡ, ನೀರು ಒಡೆಯಿತು. "ಸುಬ್ಬೀ!" ಎಂದು ಕೂಗುತ್ತ ಸೊಂಟದವರೆಗೆ ಹೊಳೆಗೆ ಇಳಿದ.

ಅವಳು ಓಡಿ ಬರುವಷ್ಟರಲ್ಲಿ ಇರುವೆಯ ಕೊಕ್ಕೆ ಅವನ ಕಿಸೆ ಸೇರಿತ್ತು. ತೋಳಲ್ಲಿ ಹೊಳೆಹೊಳೆಯುವ ಮೀನು. "ನೋಡು, ನಿನ್ನ ಜರಿಗೇ ಬಿತ್ತು!" ಎಂದ. ಆಮೇಲೆ, "ಎಷ್ಟು ಚಂದ ಐತಿ, ಹೋಗ್ಲಿ ಬಿಡು" ಎಂದು ನೀರಿಗೇ ಬಿಟ್ಟ. ಮನೆಯಲ್ಲಿ ಅರೆದಿಟ್ಟ ಮೀನಿನ ಮಸಾಲೆಗೆ ಅಂದು ಬದನೆಕಾಯಿ ಬಿತ್ತು.

ಕಂಡದ್ದನ್ನು ಸುಬ್ಬಿ ಹೇಳಲಿಲ್ಲ. ಆ ಕತೆ ಹೇಳುವಾಗಲೆಲ್ಲ ಅವನ ಮುಖ ಅಷ್ಟು ಬೆಳಗುತ್ತಿತ್ತು. ಆದರೂ ಒಮ್ಮೆಯಾದರೂ ನಿಜ ಅವನ ಬಾಯಿಂದಲೇ ಬರಲಿ ಎಂದು ಕಾದಳು. ಬರಲೇ ಇಲ್ಲ.

* * *

ಕಾವ್ಯಶ್ರೀ ಇಕ್ಕಳ ತಂದಳು. ಸುಬ್ಬಿ ತಲೆಯೆತ್ತಿದಳು.

"ಉದಯ, ನಿಜ ಹೇಳು. ಮೀನು ಬಂಗಾರದ್ದಕ್ಕೇ ಬಿತ್ತಾ?"

ಉದಯ ಅಪ್ಪಣೆ ಕೇಳುವವನಂತೆ ಚಟ್ಟದ ಕಡೆ ನೋಡಿದ. "ಹೇಳಬ್ಯಾಡಂತ ಆಣಿ ಹಾಕ್ಸಿದ್ದ, ವೈನಿ."

"ಇನ್ಯಾರು ಬೈತಾರೆ? ಹೇಳು."

"ಕರೀದಕ್ಕ ಬಿದ್ದದ್ದು. ಇಡೀ ಡಿಪೋಕ್ಕ ಗೊತ್ತೈತಿ. ಸ್ಟೇರಿಂಗ್ ಹಿಡಿದ್ರ ಅದನ್ನ ಹೇಳಾವ. ನಮ್ಮ ಸುಬ್ಬಿ ತಲಿಗೂದಲಕ್ಕ ಬಿತ್ತೋ ಉದ್ಯಾ ಆ ಮೀನು, ನಾ ಬಿದ್ದಂಗ, ಅಂತಿದ್ದ."

ಸುಬ್ಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆಗಲು ಕುಲುಕಿತು. ಅಳುತ್ತಾಳೆಂದು ಬೈರ ಹತ್ತಿರ ಬಂದ. ಸೆರಗಿನೊಳಗಿಂದ ನಗು ಹೊರಬಿತ್ತು. "ನಂಗೊಬ್ಳಿಗೆ ಬಿಟ್ಟು ಊರಿಗೆಲ್ಲ ಹೇಳಿದಾರೆ ನೋಡು!" ಮೊದಲು ಬೈರ ನಕ್ಕ. ಆಮೇಲೆ ಅಂಗಳವೇ ನಕ್ಕಿತು.

ಅವಳು ಕೆನ್ನೆ ಒರೆಸಿಕೊಂಡು ಬಂಗಾರದ ಹುಳದ ಕೊಕ್ಕೆಯನ್ನು ಕತ್ತರಿಸಿ, ಹುಳವನ್ನು ಗಂಡನ ಎದೆಯ ಮೇಲಿಟ್ಟಳು.

"ಈಗ ಗೊತ್ತಾತಲ್ಲ, ಕರೀದು ಇಡ್ರಿ" ಎಂದ ಉದಯ.

"ಬೇಡ. ಅಲ್ಲೂ ಮೊದ್ಲು ಬಂಗಾರದ್ದೇ ಕಟ್ತಾರೆ. ಮೀನು ಬೀಳೂದಿಲ್ಲ. ಸಂಜೆ ಹೊತ್ತಿಗೆ ನನ್ನ ನೆನಪಾಗ್ತದೆ."

"ಕೊಕ್ಕೀನ ಇಲ್ದ ಹೆಂಗ ಹಿಡೀತಾನ್ರೀ?"

"ಹಿಡಿದ್ರೂ ಬಿಡೂ ಜನ ಅಲ್ವಾ?"

ಚಟ್ಟ ಎತ್ತಿದರು. ಬೆಂಕಿಯ ಮಡಕೆ ಹಿಡಿದು ಕಾವ್ಯಶ್ರೀ ಮುಂದೆ ನಡೆದಳು. ಸುಬ್ಬಿ ಉಳಿದ ಹೆಂಗಸರ ಜೊತೆ ಹೊಳೆಯ ತಿರುವಿನವರೆಗೆ ಹೋಗಿ ನಿಂತಳು. ಮುಂದಿನ ದಾರಿ ಕಿರಿದು, ನೀರಿನ ಅಂಚಿಗೇ ಹೋಗುವಂಥದ್ದು. ಉದಯ ಒಂದು ಮಗ್ಗುಲು, ಬೈರ ಇನ್ನೊಂದು ಮಗ್ಗುಲು ಹೆಗಲು ಕೊಟ್ಟಿದ್ದರು.

ನಡುಹೊಳೆಯಲ್ಲಿ ಏನೋ ದೊಡ್ಡದು ಜಿಗಿದು ದಬಕ್ಕನೆ ಬಿತ್ತು. ಹೊತ್ತವರ ತಲೆಗಳೆಲ್ಲ ಒಟ್ಟಿಗೆ ನೀರಿನತ್ತ ತಿರುಗಿದವು. ಹೆಗಲ ಮೇಲಿನ ಚಟ್ಟವೂ ಒಂದಿಷ್ಟು ಹೊಳೆಯ ಕಡೆಗೆ ವಾಲಿತು.